ಬಾಗಿದರೆ ಓಡುವ ಗಾಡಿ ಮತ್ತು ನಮ್ಮ ಹೆಡ್ ಮಾಸ್ತರು

ಬೀದರದಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆದಾಗ ಮಾತಾಡುವವರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದುಕೊಂಡಿದ್ದರು. ನನಗಿಂತ ಮುಂಚೆ ಐದಾರು ಮಂದಿ ಮಾತಾಡಿದರು. ಒಬ್ಬರು ಅವರನ್ನು ಶಿಸ್ತಿನ ಸಿಪಾಯಿ ಅಂದರು. ಇನ್ನೊಬ್ಬರು ಸರಳತೆಯ ಸಾಕಾರ ಮೂರ್ತಿ ಅಂದರು. ಮೂರನೆಯವರು ಬೇರೆ ಯಾರಿಗೋ ಬರೆದಿಟ್ಟಿದ್ದ ಚೀಟಿಯನ್ನೇ ಓದಿದರು ಅಂತ ನನಗೆ ಈಗಲೂ ಅನುಮಾನ, ಯಾಕೆಂದರೆ ಅದರಲ್ಲಿ ಸರ್ ಒಳ್ಳೆಯ ಕಬಡ್ಡಿ ಆಟಗಾರರು ಅಂತ ಇತ್ತು. ಆಮೇಲೆ ನನ್ನನ್ನು ಕರೆದರು. ಮೈಕಿನ ಮುಂದೆ ಹೋಗಿ ನಿಂತೆ. ಹಾರ ಹಾಕಿದ ಫೋಟೋ ನೋಡಿದೆ. ಕಣ್ಣ ಮುಂದೆ ಬಂದದ್ದು ಮಾತ್ರ ಬೇರೆ: ಬಿಳಿ ಟೋಪಿ, ಅದರ ಮೇಲೆ ಹೆಲ್ಮೆಟ್ಟು, ಎರಡು ಗಾಲಿಯ ಕರೆಂಟಿನ ಗಾಡಿಯ ಮೇಲೆ ನಿಂತು, ಎರಡೂ ಕೈ ಮುಗಿದುಕೊಂಡು, ನದಿಯ ದಂಡೆಯ ಮೇಲೆ ಅಡ್ಡಾದಿಡ್ಡಿ ಹೋಗುತ್ತಿದ್ದ ನಮ್ಮ ಹೆಡ್ ಮಾಸ್ತರು. ನಗು ಒತ್ತರಿಸಿ ಬಂತು. ಸತ್ತವರ ಫೋಟೋ ಮುಂದೆ ನಗುವುದು ಹೇಗೆ? ಸೆರಗು ಬಾಯಿಗೆ ಒತ್ತಿಕೊಂಡು ಇಳಿದು ಬಂದೆ. ಪಾಪ, ಟೀಚರಿಗೆ ಬಹಳ ದುಃಖ ಆಗಿದೆ ಅಂತ ಜನ ಅಂದುಕೊಂಡರು.

ದುಃಖವೂ ಆಗಿತ್ತು, ಸುಳ್ಳಲ್ಲ. ಅವತ್ತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಭಾಲ್ಕಿಯವಳು. ಅಜ್ಜ ಮಿಷನ್ ಶಾಲೆಯಲ್ಲಿ ಮಾಸ್ತರರು, ಅಮ್ಮ ನರ್ಸು. ನನಗೆ ನೌಕರಿ ಸಿಕ್ಕದ್ದು ಔರಾದ ತಾಲೂಕಿನ ಒಂದು ಪುಟ್ಟ ಹಳ್ಳಿಯಲ್ಲಿ. ಎರಡು ಕೋಣೆಯ ಶಾಲೆ, ಅಂಗಳದಲ್ಲಿ ಒಂದು ಬೇವಿನ ಮರ, ಒಂದರಿಂದ ಐದನೆಯ ಇಯತ್ತೆ, ಇಬ್ಬರೇ ಶಿಕ್ಷಕರು. ಮೊದಲ ದಿನ ನಾನು ಜೀಪಿನಿಂದ ಇಳಿದಾಗ ಗೇಟಿನ ಹತ್ತಿರ ಎತ್ತರದ ಮನುಷ್ಯರೊಬ್ಬರು ಸೊಂಟದವರೆಗೆ ಬಾಗಿ, "ವಂದನೆ ಟೀಚರ್, ಬರ್ರಿ, ಬರ್ರಿ" ಅಂದರು. ಜವಾನ ಇರಬೇಕು ಅಂತ ನಾನು ಕೈಯಲ್ಲಿದ್ದ ಬ್ಯಾಗು ಕೊಟ್ಟೆ. ಒಯ್ದು ಒಳಗೆ ಇಟ್ಟರು. ಕುಡಿಯಲು ನೀರು ಕೇಳಿದೆ. ತಂದು ಕೊಟ್ಟರು. ಹೆಡ್ ಮಾಸ್ತರು ಎಷ್ಟೊತ್ತಿಗೆ ಬರ್ತಾರೆ ಅಂತ ಕೇಳಿದೆ. ಅವರು ಹೋಗಿ ಕುರ್ಚಿಯ ಮೇಲೆ ಕೂತು, "ಬಂದೀನ್ರಿ. ಜಾಯಿನಿಂಗ್ ರಿಪೋರ್ಟ್ ಕೊಡ್ರಿ" ಅಂದರು. ನನಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು. ಅವರಿಗೆ ಮಾತ್ರ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಬಾಗುವುದು ಅವರ ಹುಟ್ಟುಗುಣ. ಕೈ ಮುಗಿದು, ಬೆನ್ನು ಮಡಿಸಿ, ಟೋಪಿಯ ತುದಿ ಎದುರಿನವರ ಎದೆಗೆ ತಾಗುವಷ್ಟು ಬಾಗುತ್ತಿದ್ದರು. ಯಾರಿಗೆ ಯಾವುದು ಸಲ್ಲುತ್ತದೋ ಅದನ್ನೇ ಹೇಳುತ್ತಿದ್ದರು. ಒಬ್ಬರಿಗೆ ಶರಣು, ಒಬ್ಬರಿಗೆ ಸಲಾಂ, ಒಬ್ಬರಿಗೆ ಜೈ ಭೀಮ್, ಕಮಲನಗರದ ಕಡೆಯವರು ಬಂದರೆ ರಾಮ್ ರಾಮ್, ನನಗೆ ವಂದನೆ. ಮಾತು ಬೇರೆ ಬೇರೆ, ಬಾಗುವುದು ಒಂದೇ. ಹಾಲಿನವನಿಗೆ ಬಾಗುತ್ತಿದ್ದರು, ಅಂಚೆಯವನಿಗೆ ಬಾಗುತ್ತಿದ್ದರು, ಫೋನಿನಲ್ಲಿ ಸಾಹೇಬರ ದನಿ ಕೇಳಿದರೂ ಬಾಗುತ್ತಿದ್ದರು. ಬೀದರದ ಶಿಕ್ಷಣ ಇಲಾಖೆಯ ಕಚೇರಿಯ ಬಾಗಿಲಲ್ಲಿ ಒಮ್ಮೆ ಹಳೆಯ ಶಹರದ ಉರ್ದು ಶಾಲೆಯ ಮಾಸ್ತರೊಬ್ಬರು ಎದುರಾದರು. ಅವರೂ ಇಂಥವರೇ. ಇಬ್ಬರೂ ಬಾಗಿದರು. ನೀವು ಎದ್ದ ಮೇಲೆ ನಾನು ಅಂತ ಇಬ್ಬರೂ ಏಳಲಿಲ್ಲ. ಜವಾನ ಅವರಿಬ್ಬರ ನಡುವೆ ಚಹಾದ ತಟ್ಟೆ ಹಿಡಿದು ಎರಡು ಸಲ ಓಡಾಡಿದ.

ನಮ್ಮ ಶಾಲೆಯ ಗಂಟೆ ಅಂದರೆ ಬೇವಿನ ಟೊಂಗೆಗೆ ತೂಗುಹಾಕಿದ ಒಂದು ರೈಲು ಕಂಬಿಯ ತುಂಡು. ಒಂದು ದಿನ ಇನ್ಸ್‌ಪೆಕ್ಟರು ಬಂದರು. ಸರ್ ಮರದ ಕೆಳಗೆ ನಿಂತಿದ್ದರು. ರೂಢಿಯಂತೆ ಬಾಗಿದರು. ಹಣೆ ಹೋಗಿ ಕಂಬಿಗೆ ಬಡಿಯಿತು. ಠಣ್ ಅಂತು. ಶಾಲೆ ಬಿಟ್ಟಿತು ಅಂತ ಮಕ್ಕಳೆಲ್ಲ ಪಾಟೀಚೀಲ ಹೊತ್ತು ಇನ್ಸ್‌ಪೆಕ್ಟರ ಎಡಬಲದಿಂದ ಓಡಿಹೋದರು. ಖಾಲಿ ಶಾಲೆಯನ್ನು ತಪಾಸಣೆ ಮಾಡಿ, ಸ್ವಚ್ಛತೆ ಚೆನ್ನಾಗಿದೆ ಅಂತ ಬರೆದು ಅವರು ಹೋದರು.

ಮಕ್ಕಳಿಗೂ ಬಾಗುತ್ತಿದ್ದರು. ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು, ಮೂಗು ಸುರಿಸುತ್ತ ಬರುವ ಒಂದನೆಯ ಇಯತ್ತೆಯವರಿಗೂ ಕೈ ಮುಗಿದು ಒಳಗೆ ಕರೆಯುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ ಕೇಳಿಯೇಬಿಟ್ಟೆ: "ಸರ್, ಹುಡುಗರಿಗೆ ಹಿಂಗ ಬಾಗಿದ್ರ ಅವು ನಮ್ಮ ಮಾತು ಕೇಳ್ತಾವೇನ್ರಿ?"

"ಟೀಚರ್, ಇವು ಬಂದ್ರ ಸಾಲಿ. ಬರಲಿಲ್ಲಂದ್ರ ಎರಡು ಖೋಲಿ. ನೀವ ಹೇಳ್ರಿ, ಮತ್ತ ಯಾರಿಗೆ ಬಾಗಲಿ?"

ಆ ಮಾತನ್ನು ಅವರು ತಮಾಷೆಗೆ ಹೇಳಿದ್ದರು. ಮುಂದಿನ ವರ್ಷ ಅದು ತಮಾಷೆಯಾಗಿ ಉಳಿಯಲಿಲ್ಲ.

ಎರಡು ವರ್ಷ ಸಾಲಾಗಿ ಮಳೆ ಕೈ ಕೊಟ್ಟಿತು. ಮಾಂಜ್ರಾ ನದಿಯ ಪಾತ್ರದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಶಾಲೆಯ ಬೋರಿನ ಹಿಡಿಕೆ ಒತ್ತಿದರೆ ಗಾಳಿ ಬರುತ್ತಿತ್ತು. ಊರಿಗೆ ಟ್ಯಾಂಕರು ಬರುವುದು ಹನ್ನೊಂದು ಗಂಟೆಗೆ. ಅದರ ಹಾರ್ನ್ ಕೇಳಿದ ಕೂಡಲೇ ಇಡೀ ತರಗತಿ ಕೊಡ ಹಿಡಿಯಲು ಓಡುತ್ತಿತ್ತು. ಸರ್ ಗದರಲಿಲ್ಲ. ವೇಳಾಪಟ್ಟಿಯಲ್ಲಿ ಗಣಿತದ ಕೆಳಗೆ ದುಂಡಗಿನ ಅಕ್ಷರದಲ್ಲಿ "ಟ್ಯಾಂಕರ್" ಅಂತ ಒಂದು ಪಿರಿಯಡ್ ಬರೆದರು. ಆ ಪಿರಿಯಡ್ಡಿನಲ್ಲಿ ಅವರ ಹೆಂಡತಿಯೂ ಬರುತ್ತಿದ್ದರು. ಊರೆಲ್ಲ ಅವರನ್ನು ಕಾಕು ಅನ್ನುತ್ತಿತ್ತು. ತಲೆಯ ಮೇಲೆ ಒಂದರ ಮೇಲೊಂದು ಎರಡು ಕೊಡ, ಸೊಂಟದಲ್ಲೊಂದು. ಆ ಏರು ದಾರಿಯಲ್ಲಿ ಒಂದು ಹನಿ ಚೆಲ್ಲದೆ, ಜೊತೆಗೆ ಮಾತಾಡುತ್ತ ಬರುತ್ತಿದ್ದರು. ಗಂಡ ಎಷ್ಟು ಬಾಗುವವರೋ ಹೆಂಡತಿ ಅಷ್ಟೇ ನೆಟ್ಟಗೆ.

ದಸರೆ ಮುಗಿದ ಮೇಲೆ ಊರು ಖಾಲಿಯಾಗತೊಡಗಿತು. ಕೂಲಿ ಕೆಲಸಕ್ಕೆ ಆಳು ಒಯ್ಯುವ ಮುಕಾದಮ ಬಂದು ಟ್ರಕ್ಕಿನಲ್ಲಿ ಜನರನ್ನು ಹತ್ತಿಸಿಕೊಂಡು ಹೋದ. ನಮ್ಮ ಶಾಲೆಯ ಹನ್ನೊಂದು ಮಕ್ಕಳಲ್ಲಿ ಏಳು ಮಂದಿ ಅವರ ಜೊತೆ ಹೋದರು. ಉಳಿದದ್ದು ನಾಲ್ಕು. ಔರಾದದಿಂದ ಸಾಹೇಬರು ಬಂದು ತಲೆ ಎಣಿಸಿ, "ಹತ್ತು ಮಕ್ಕಳು ಇಲ್ಲಂದ್ರ ಈ ಸಾಲಿ ಬಾಜೂ ಊರಿನ ಸಾಲ್ಯಾಗ ಸೇರಿಸ್ತೀವಿ. ಒಂದು ತಿಂಗಳು ಟೈಮ್ ಅದ" ಅಂದರು. ಸರ್ ಅವರಿಗೂ ಬಾಗಿ ಬೀಳ್ಕೊಟ್ಟರು. ಶಾಲೆ ಮುಚ್ಚಿದರೆ ನಾನು ಹೆಚ್ಚುವರಿ ಶಿಕ್ಷಕಿ. ಹೆಚ್ಚುವರಿಯಾದವರನ್ನು ಎಲ್ಲಿಗಾದರೂ ಒಗೆಯಬಹುದು. ನನ್ನ ಮಗಳು ಆಗ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ.

"ಹೋಗಿ ಕರಕೊಂಡು ಬರೋಣ್ರಿ" ಅಂದರು ಸರ್. "ನಮ್ಮ ಮನ್ಯಾಗ ಇಟ್ಕೋತೇನಿ. ಏಳು ಮಂದಿ ಏನ್ ಬಹಳ ಆದ್ರು? ಮಳಿ ಬರೂತನಕ ನಮ್ಮಾಕಿ ರೊಟ್ಟಿ ಬಡೀತಾಳ."

"ಬಡೀತೀನಿ" ಅಂದರು ಕಾಕು. "ಆದ್ರ ನಾನೂ ಬರ್ತೀನಿ. ನೀರಿರೋ ನದಿ ನೋಡಿ ಎರಡು ವರ್ಷ ಆತು."

ಹೀಗೆ ಒಂದು ಶನಿವಾರ ಮಗಳನ್ನು ಅಮ್ಮನ ಹತ್ತಿರ ಬಿಟ್ಟು, ನಾವು ಮೂವರೂ ಭಾಲ್ಕಿಯಲ್ಲಿ ರೈಲು ಹತ್ತಿದೆವು. ಮುಕಾದಮ ನಮ್ಮವರನ್ನು ಒಯ್ದದ್ದು ಮಹಾರಾಷ್ಟ್ರದ ನದಿ ದಂಡೆಯ ಒಂದು ಊರಿಗೆ. ಹೆಸರು ಬರೆಯುವುದಿಲ್ಲ, ಅಲ್ಲಿ ನಾವು ಕೆಡಿಸಿದ ಕೆಲಸ ಇನ್ನೂ ಯಾರಿಗಾದರೂ ನೆನಪಿರಬಹುದು.

ಆ ಊರಿನಲ್ಲಿ ನದಿಯ ಉದ್ದಕ್ಕೂ ಹೊಸದಾಗಿ ಅಗಲವಾದ ಕಾಲುದಾರಿ ಕಟ್ಟುತ್ತಿದ್ದರು. ಮುಗಿದಷ್ಟು ಭಾಗದಲ್ಲಿ ಜನ ತಿರುಗಾಡುತ್ತಿದ್ದರು. ಮುಗಿಯದ ಭಾಗಕ್ಕೆ ತಗಡಿನ ಬೇಲಿ, ಬೇಲಿಗೊಬ್ಬ ಕಾವಲುಗಾರ. ನಮ್ಮ ಊರಿನವರು ಕೆಲಸ ಮಾಡುತ್ತಿದ್ದದ್ದು ಬೇಲಿಯ ಆಚೆ. ಸರ್ ಕಾವಲುಗಾರನಿಗೆ ಮೂರು ಸಲ ಬಾಗಿದರು. ಅವನು ಸಾಹೇಬರ ಪರವಾನಿಗೆ ತಂದರೆ ಬಿಡುತ್ತೇನೆ ಅಂದ. ಅವತ್ತು ಭಾನುವಾರ, ಸಾಹೇಬರು ಇರಲಿಲ್ಲ. ಸಂಜೆಯ ರೈಲಿಗೆ ನಾವು ತಿರುಗಿ ಹೊರಡಬೇಕಿತ್ತು.

ಆಗ ಐದಾರು ಮಂದಿ ಪ್ರವಾಸಿಗರು ವಿಚಿತ್ರವಾದ ಗಾಡಿಗಳ ಮೇಲೆ ನಿಂತುಕೊಂಡು ಸಾಲಾಗಿ ಬಂದರು. ಕಾವಲುಗಾರ ಸಲಾಮು ಹೊಡೆದು ಬೇಲಿಯ ಗೇಟು ತೆಗೆದ. ಅವರು ಒಳಗೆ ಹೋದರು.

ಕಾಕು ಅದನ್ನೇ ನೋಡುತ್ತಿದ್ದರು. "ಅವರಿಗ್ಯಾಕ ಬಿಟ್ಟ?" ಅಂದರು.

ವಿಚಾರಿಸಿದಾಗ ಗೊತ್ತಾಯಿತು. ಅದರ ಹೆಸರು ಸೆಗ್ವೇ. ಟಿಕೆಟ್ ತೆಗೆದುಕೊಂಡರೆ ಗೈಡ್ ಒಬ್ಬ ಮುಂದೆ ಹೋಗಿ ನದಿ ದಂಡೆಯನ್ನೆಲ್ಲ ತೋರಿಸಿಕೊಂಡು ಬರುತ್ತಾನೆ, ಹೊಸ ಸೇತುವೆಯವರೆಗೆ. ನಡೆದು ಹೋಗುವವರಿಗೆ ಬೇಲಿ, ನಿಂತು ಹೋಗುವವರಿಗೆ ಇಲ್ಲ. ನಾನು ಬೇಡ ಅಂತ ಬಾಯಿ ತೆಗೆಯುವುದರೊಳಗೆ ಕಾಕು ಮೂರು ಟಿಕೆಟ್ಟು ತೆಗೆಸಿ ಆಗಿತ್ತು.

ಗಾಡಿ ಅಂದರೆ ಏನಿಲ್ಲ. ಅಕ್ಕಪಕ್ಕ ಎರಡು ಗಾಲಿ, ನಡುವೆ ನಿಲ್ಲಲು ಒಂದು ಹಲಗೆ, ಮುಂದೆ ಒಂದು ಕೋಲು, ಕೋಲಿಗೆ ಹಿಡಿಕೆ. ಸೀಟಿಲ್ಲ, ಬ್ರೇಕಿಲ್ಲ. ಗೈಡ್ ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ತರುಣ. ಹಿಂದಿಯಲ್ಲಿ ತಿಳಿಸಿ ಹೇಳಿದ. ಮೈ ಮುಂದಕ್ಕೆ ಬಾಗಿಸಿದರೆ ಗಾಡಿ ಮುಂದೆ ಹೋಗುತ್ತದೆ. ಹೆಚ್ಚು ಬಾಗಿದರೆ ಹೆಚ್ಚು ಜೋರು. ನೆಟ್ಟಗಾದರೆ ನಿಲ್ಲುತ್ತದೆ. ಅಷ್ಟೇ. ಬಹಳ ಸುಲಭ, ಎಂಥವರಿಗೂ ಬರುತ್ತದೆ ಅಂದ. ನಾನು ಸರ್ ಮುಖ ನೋಡಿದೆ. ಅವರು ತಲೆಯಾಡಿಸುತ್ತ ಕೇಳುತ್ತಿದ್ದರು.

ಹೆಲ್ಮೆಟ್ ಹಾಕುವಾಗಲೇ ಅರ್ಧ ಗಂಟೆ ಹೋಯಿತು. ಸರ್ ಟೋಪಿ ತೆಗೆಯಲಿಲ್ಲ. ನಾಲ್ಕು ಮಂದಿ ಇದ್ದ ಕಡೆ ಬರಿದಲೆಯಲ್ಲಿ ನಿಲ್ಲುವುದು ಹೇಗೆ ಅಂದರು. ಟೋಪಿಯ ಮೇಲೆ ಹೆಲ್ಮೆಟ್ ಕೂತಿತು. ಕಾಕು ಹೆಲ್ಮೆಟ್ ಹಾಕಿಕೊಂಡು ಅದರ ಮೇಲೆ ಸೆರಗು ಹೊದ್ದರು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು, ಹಲಗೆಯ ಮೇಲೆ ಕಾಲಿಟ್ಟರು. ಗಾಡಿ ಒಂಚೂರೂ ಅಲುಗಲಿಲ್ಲ. ಸುಮ್ಮನೆ ನಿಂತಂತೆ ನಿಂತು, ಒಂದು ಸುತ್ತು ಹೋಗಿ, ಬಂದು ನಮ್ಮ ಮುಂದೆ ನಿಲ್ಲಿಸಿದರು. ಮೊದಲು ಎಲ್ಲಿ ಕಲಿತಿರಿ ಅಂತ ಗೈಡ್ ಕೇಳಿದ. "ಕೊಡ ಹೊತ್ತವರಿಗೆ ಇದೇನ್ ದೊಡ್ಡದು?" ಅಂದರು ಕಾಕು, ಕನ್ನಡದಲ್ಲೇ. ಅವನು ಹೌದು ಹೌದು ಅಂದ.

ನಾನು ಹೇಗೋ ಹಲ್ಲು ಕಚ್ಚಿ ನಿಂತೆ. ಸರ್ ಕೂಡ ನಿಂತರು, ಚೆನ್ನಾಗಿಯೇ ನಿಂತರು. ಎಲ್ಲ ಸರಿಯಿತ್ತು. ಆಗ ಗೈಡ್, ಪಾಪ, ಪ್ರವಾಸ ಶುರು ಮಾಡುವಾಗ ದಿನಾ ಹೇಳುವಂತೆ, ನಮ್ಮ ಕಡೆ ತಿರುಗಿ ಕೈ ಮುಗಿದು, "ನಮಸ್ತೇ, ನಮ್ಮ ಊರಿಗೆ ತಮಗೆಲ್ಲ ಸ್ವಾಗತ" ಅಂದ.

ಸರ್ ಹಿಡಿಕೆ ಬಿಟ್ಟರು, ಕೈ ಮುಗಿದರು, ಬಾಗಿದರು.

ಗಾಡಿ ಹೇಳಿದ ಮಾತು ಕೇಳುವ ಗಾಡಿ. ಸೀದಾ ಹೋಗಿ ಗೈಡ್‌ನ ಹೊಟ್ಟೆಗೆ ಗುದ್ದಿತು. ಅವನು ಎರಡು ಹೆಜ್ಜೆ ಹಿಂದೆ ಹಾರಿದ. ಸರ್ ಗಾಬರಿಯಿಂದ ನೆಟ್ಟಗಾದರು, ಗಾಡಿ ನಿಂತಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಒಬ್ಬ ಮನುಷ್ಯನಿಗೆ ಗುದ್ದಿ ಸುಮ್ಮನೆ ನಿಲ್ಲುವವರು ನಮ್ಮ ಸರ್ ಅಲ್ಲ. "ತಪ್ಪಾತ್ರಿ ಅಪ್ಪಾ, ಮಾಫ್ ಕರೋ" ಅಂತ ಇನ್ನೂ ಆಳವಾಗಿ ಬಾಗಿದರು. ಗಾಡಿ ಮತ್ತೆ ಅವನಿಗೆ ಗುದ್ದಿತು. ಅದಕ್ಕೂ ಕ್ಷಮೆ ಕೇಳಿದರು. ಅವನು ಬಡಬಡ ಓಡಿ ಕಟ್ಟೆಯ ಮೇಲೆ ಹತ್ತಿದ.

"ಸರ್, ಬಾಗಬ್ಯಾಡ್ರಿ" ಅಂತ ನಾನು ಕೂಗಿದೆ.

"ಮತ್ತ ಹ್ಯಾಂಗ್ರಿ ಟೀಚರ್, ಬಡದೀನಲ್ಲ ಅವರಿಗೆ?"

ದಾರಿಯುದ್ದಕ್ಕೂ ಇದೇ ಆಯಿತು. ವಾಯುಸೇವನೆಗೆ ಬಂದ ಮುದುಕರೊಬ್ಬರು ಹೆಲ್ಮೆಟ್ಟಿನ ಕೆಳಗೆ ಇಣುಕುವ ಇವರ ಟೋಪಿ ನೋಡಿ ರಾಮ್ ರಾಮ್ ಅಂದರು. ಸರ್ ಅವರ ಕಡೆ ಹೊರಟೇಬಿಟ್ಟರು. ಮುದುಕರು ಆ ವಯಸ್ಸಿನಲ್ಲೂ ಚಂಗನೆ ಜಿಗಿದು ಬೆಂಚು ಹತ್ತಿದ್ದನ್ನು ನಾನು ಮರೆಯುವುದಿಲ್ಲ. ಕಡಲೆ ಮಾರುವ ಹೆಂಗಸು ಕೈಯೆತ್ತಿದಳು, ಅವಳ ಬುಟ್ಟಿ ಹೋಯಿತು. ಗೈಡ್ ಎಡಕ್ಕೆ ಹಳೆಯ ಘಾಟು ನೋಡಿ, ಬಲಕ್ಕೆ ಹೊಸ ತೋಟ ನೋಡಿ, ಸೆಲ್ಫಿಗೆ ಮೂರು ನಿಮಿಷ ಅಂತ ಕಲಿತ ಪಾಠ ಒಪ್ಪಿಸುತ್ತಿದ್ದ, ಆದರೆ ಪ್ರತಿ ಮಾತಿಗೂ ತಿರುಗಿ ಸರ್ ಎಲ್ಲಿದ್ದಾರೆ ಅಂತ ನೋಡುತ್ತಿದ್ದ. ಕೊನೆಗೆ ಅವನೇ ಉಪಾಯ ಹೇಳಿದ. ಸರ್ ಯಾರ ಮುಖವನ್ನೂ ನೋಡಬಾರದು, ಆಕಾಶ ನೋಡುತ್ತ ಬರಬೇಕು. ಸರ್ ಒಪ್ಪಿದರು. ಅಲ್ಲಿಂದ ಮುಂದೆ ಗದ್ದ ಮೇಲೆತ್ತಿ, ಮುಗಿಲು ನೋಡುತ್ತ, ಬಹಳ ಗಂಭೀರವಾಗಿ ಬಂದರು. ಕಾಕು ನಮ್ಮಿಬ್ಬರನ್ನೂ ದಾಟಿ, ನದಿ ನೋಡುತ್ತ ಮುಂದೆ ಹೋಗಿದ್ದರು.

ಬೇಲಿಯ ಗೇಟು ತೆರೆಯಿತು. ಕಾವಲುಗಾರ ನಮ್ಮನ್ನು ಗುರುತು ಹಿಡಿದ, ಆದರೆ ನಮ್ಮ ಕಾಲ ಕೆಳಗೆ ಗಾಡಿ ಇತ್ತು, ಸಲಾಮು ಹೊಡೆದ. ಸರ್ ಆಕಾಶ ನೋಡುತ್ತಿದ್ದರಿಂದ ಅವನು ಬಚಾವಾದ.

ಒಳಗೆ ಕಾಲುದಾರಿಯ ಒಂದು ಭಾಗಕ್ಕೆ ಆಗಷ್ಟೇ ಕಾಂಕ್ರೀಟು ಹಾಕಿ ಸಪಾಟು ಮಾಡುತ್ತಿದ್ದರು. ಅದರಾಚೆಯ ದಂಡೆಯಲ್ಲಿ ಮರಳಿನ ಪುಟ್ಟಿ ಹೊತ್ತ ಒಬ್ಬ ಮನುಷ್ಯ ನಿಂತು ನಮ್ಮನ್ನೇ ದಿಟ್ಟಿಸುತ್ತಿದ್ದ. ನಮ್ಮ ಊರಿನ ಮಾರುತಿ. ಅವನ ಮಗಳು ಸುರೇಖಾ ನಮ್ಮ ಶಾಲೆಯ ಐದನೆಯ ಇಯತ್ತೆ. ಪುಟ್ಟಿ ಕೆಳಗಿಟ್ಟು, ಕೈ ಜೋಡಿಸಿ, "ಶರಣ್ರಿ ಸರ್" ಅಂದ.

ಮೂರು ತಿಂಗಳಿಂದ ಕೇಳದ ದನಿ. ಆಕಾಶ ಯಾರಿಗೆ ಬೇಕು? ಸರ್ ಮುಖ ಇಳಿಸಿದರು, ಅವನನ್ನು ನೋಡಿದರು, "ಶರಣು ಮಾರುತಿ" ಅಂತ ಎರಡು ಕೈ ಮುಗಿದು ಇಷ್ಟು ವರ್ಷದಲ್ಲಿ ನಾನು ಕಂಡ ಎಲ್ಲಕ್ಕಿಂತ ಆಳವಾದ ನಮಸ್ಕಾರ ಮಾಡಿದರು. ಗಾಡಿ ಅಡ್ಡ ಕಟ್ಟಿದ್ದ ಹಗ್ಗ ಹರಿದುಕೊಂಡು ಹಸಿ ಕಾಂಕ್ರೀಟಿನೊಳಗೆ ನುಗ್ಗಿತು. ಗಜ ಎರಡು ಗಜ ಹೋಗಿ ಹೂತು ನಿಂತಿತು. ಸರ್ ಬೀಳಲಿಲ್ಲ. ಮೀನಖಂಡದವರೆಗೆ ಸಿಮೆಂಟಿನಲ್ಲಿ ನಿಂತು ನಮಸ್ಕಾರ ಪೂರ್ತಿ ಮಾಡಿದರು. ಕೆಲಸದ ಮೇಲ್ವಿಚಾರಕ ಬೈಯುತ್ತ ಓಡಿ ಬಂದ. ಅವನಿಗೂ ಬಾಗಿದರು. ಈಗ ಹೆದರಿಕೆ ಇರಲಿಲ್ಲ, ಗಾಡಿ ಅಲುಗುವಂತಿರಲಿಲ್ಲ.

ಮಾರುತಿ ಮತ್ತು ಇನ್ನಿಬ್ಬರು ಅವರನ್ನು ಎತ್ತಿ ಆಚೆ ದಂಡೆಗೆ ತಂದು, ಕಾಲು ತೊಳೆದರು. ಮೇಲ್ವಿಚಾರಕನೂ ಗೈಡೂ ಯಾರ ತಪ್ಪು ಅಂತ ಜಗಳಕ್ಕೆ ನಿಂತರು. ಅಷ್ಟರಲ್ಲಿ ಶೆಡ್ಡುಗಳ ಕಡೆಯಿಂದ ಗಲಾಟೆ ಕೇಳಿತು. ನೋಡಿದರೆ ಕಾಕು. ಸೆರಗು ಹೊದ್ದ ಹೆಲ್ಮೆಟ್ಟು, ನೆಟ್ಟಗಿನ ಬೆನ್ನು, ಗಾಡಿಯ ಮೇಲೆ ನಿಧಾನವಾಗಿ ಬರುತ್ತಿದ್ದಾರೆ. ಹಿಂದೆ ನಮ್ಮ ಏಳೂ ಮಕ್ಕಳು ಕೂಗುತ್ತ ಓಡಿ ಬರುತ್ತಿದ್ದಾರೆ. ನಾನು ಎಣಿಸಿದೆ. ಊರಲ್ಲಿ ಉಳಿದ ನಾಲ್ಕು ಕೂಡಿಸಿದೆ. ಹನ್ನೊಂದು. ನನ್ನ ನೌಕರಿ ಉಳಿಯಿತು ಅಂದುಕೊಂಡೆ.

ಇಟ್ಟಂಗಿಯ ರಾಶಿಯ ಮೇಲೆ ಕೂತೆವು. ಸರ್ ಪ್ಯಾಂಟಿನ ತುದಿಯಿಂದ ಸಿಮೆಂಟು ಕೆರೆಯುತ್ತ ಮಾತು ತೆಗೆಯುವುದರೊಳಗೆ ಮಾರುತಿಯ ಹೆಂಡತಿ ಶೋಭಾ ಎದುರು ಬಂದು ಕೂತಳು. ಅವಳ ಕಣ್ಣಲ್ಲಿ ನೀರಿತ್ತು.

"ಸರ್, ನೀವ ಇಲ್ಲಿತನಕ ಬರ್ತೀರಿ ಅಂತ ನಾವು ತಿಳಿದಿದ್ದಿಲ್ರಿ. ಇಲ್ಲೇ ಬಾಜೂಕ ಮರಾಠಿ ಸಾಲಿ ಅದ. ಎರಡು ಸರ್ತಿ ಹೋಗಿ ಬಂದೀವಿ. ಹಳೇ ಸಾಲೀದು ಟೀಸಿ ತಗೊಂಡು ಬರ್ರಿ, ಅಂದ್ರ ಹೆಸರು ಹಚ್ಚತೀವಿ ಅಂತಾರ. ಊರಿಗಿ ಹೋದ್ರ ವಾರದ ಕೂಲಿ ಹೋಗ್ತದ, ಹ್ಯಾಂಗ ಹೋಗೂದು ಅಂತ ದಿನಾ ಮಾತಾಡ್ತಿದ್ವಿ. ನೀವ ಟೀಸಿ ಕೊಡ್ಲಾಕ ಬಂದೀರಿ."

ಸರ್ ಕೆರೆಯುವುದನ್ನು ನಿಲ್ಲಿಸಿದರು.

"ಮಳಿ ಆದ್ರ ಊರಿಗಿ ಬರಂಗಿಲ್ಲೇನು?" ಅಂತ ಕೇಳಿದರು.

"ಇಲ್ರಿ. ಊರಾಗ ನಮ್ಮದೇನದ?" ಅಂದ ಮಾರುತಿ. "ಇಲ್ಲಿ ಐದು ವರ್ಷದ ಕೆಲಸ ಅದ ಅಂತಾರ. ಈ ಏಳು ಮಕ್ಕಳ ಮೂರೂ ಮನಿಯವರು ಇಲ್ಲೇ ಇರ್ತೀವಿ."

ನನಗೆ ತಡೆಯಲಾಗಲಿಲ್ಲ. "ಟೀಸಿ ಹಿಂಗ ಹಾದ್ಯಾಗ ಕೊಡೂದಲ್ಲ ಮಾರುತಿ. ಸಾಲಿಗಿ ಬಂದು ಅರ್ಜಿ ಬರೀಬೇಕು, ಮುಂದ ನೋಡೋಣ. ಈಗ ಮಕ್ಕಳ್ನ ನಮ್ಮ ಜೋಡಿ ಕಳಿಸ್ರಿ. ಸರ್ ಮನ್ಯಾಗ ಇರ್ತಾವ. ಪರೀಕ್ಷಾ ಆಗಲಿ" ಅಂದೆ. ಗಟ್ಟಿಯಾಗಿಯೇ ಅಂದೆ. ಏಳು ಟೀಸಿ ಕೊಟ್ಟರೆ ಆ ಗಳಿಗೆಗೆ ನಮ್ಮ ಶಾಲೆ ಮುಗಿದಂತೆ. ಅದು ಸರ್‌ಗೂ ಗೊತ್ತಿತ್ತು.

ಸರ್ ನನ್ನ ಕಡೆ ನೋಡಲಿಲ್ಲ. ಸುರೇಖಾಳನ್ನು ಹತ್ತಿರ ಕರೆದರು. "ದಿನಾ ಏನ್ ಮಾಡ್ತಿ ತಾಯಿ?"

"ಸಣ್ಣವರ್ನ ನೋಡ್ಕೋತೀನ್ರಿ."

"ಓದೂದು?"

ಅವಳು ಉಳಿದ ಆರು ಮಂದಿಯ ಕಡೆ ನೋಡಿದಳು. ಅವರು ಮುಸಿಮುಸಿ ನಗುತ್ತಿದ್ದರು. ಒಂದು ಕೋಲು ತಂದು ಕೊಟ್ಟರು. ಸುರೇಖಾ ಕೋಲನ್ನು ಎದುರಿಗೆ ಹಿಡಿದು, ಎರಡು ಇಟ್ಟಂಗಿಯ ಮೇಲೆ ನಿಂತಳು. ಉಳಿದವರು ಅವಳ ಹಿಂದೆ ಸಾಲಾಗಿ ನಿಂತರು. ಅವಳು ತಿರುಗಿ ಕೈ ಮುಗಿದು, "ನಮಸ್ತೇ, ನಮ್ಮ ಊರಿಗೆ ತಮಗೆಲ್ಲ ಸ್ವಾಗತ" ಅಂತ ಹಿಂದಿಯಲ್ಲಿ ಶುರು ಮಾಡಿದಳು. ಎಡಕ್ಕೆ ಹಳೆಯ ಘಾಟು, ಯಾವ ರಾಜ ಕಟ್ಟಿಸಿದ, ಎಷ್ಟು ಮೆಟ್ಟಿಲು. ಬಲಕ್ಕೆ ತೋಟ, ಎಷ್ಟು ಬಗೆಯ ಗಿಡ. ಹಳೆಯ ಸೇತುವೆಗೆ ಎಷ್ಟು ಕಮಾನು. ಸೆಲ್ಫಿಗೆ ಮೂರು ನಿಮಿಷ. ಗೈಡ್ ದಿನಕ್ಕೆ ಎಷ್ಟು ಸಲ ಅಲ್ಲಿಂದ ಹಾದು ಹೋಗುತ್ತಿದ್ದನೋ ಅಷ್ಟು ಸಲ ಕೇಳಿ ಕೇಳಿ ಒಂದಕ್ಷರ ಬಿಡದೆ ಕಲಿತಿದ್ದಳು. ಅವಳು ತಡೆದ ಕಡೆ ಹಿಂದಿನ ಸಣ್ಣವರು ಒಕ್ಕೊರಲಿನಿಂದ ಹೇಳಿಕೊಟ್ಟರು. ಜಗಳ ಬಿಟ್ಟು ಗೈಡ್ ಬಂದು ಬಾಯಿ ತೆರೆದು ನಿಂತ.

ನಾವೆಲ್ಲ ನಕ್ಕೆವು. ಕಾಕು ಕಣ್ಣೊರೆಸಿಕೊಂಡು ನಕ್ಕರು. ಸರ್ ಮಾತ್ರ ನಗಲಿಲ್ಲ. ಅವಳು ಮುಗಿಸುವತನಕ ನೆಟ್ಟಗೆ ಕೂತು ಕೇಳಿದರು. ಆಮೇಲೆ ಮಾರುತಿಗೆ, "ಎಂಟು ದಿನದಾಗ ಟೀಸಿ ಪೋಸ್ಟಿನಾಗ ಬರ್ತಾವ. ಅಡ್ರೆಸ್ ಬರದು ಕೊಡು" ಅಂದರು.

ತಿರುಗಿ ಬರುವಾಗ ರೈಲಿನಲ್ಲಿ ನಾನು ಅವರೊಂದಿಗೆ ಜಗಳವಾಡಿದೆ. ಜಗಳ ಅಂದರೆ ನಾನೊಬ್ಬಳೇ ಆಡಿದ್ದು. ಸಾಹೇಬರು ಕೊಟ್ಟ ಟೈಮ್ ಇನ್ನೂ ಇತ್ತು, ಹೆಸರು ಹಾಗೆಯೇ ಇಟ್ಟಿದ್ದರೆ ಏನಾದರೂ ಮಾಡಬಹುದಿತ್ತು, ನಿಮಗೇನು, ಎರಡು ವರ್ಷಕ್ಕೆ ರಿಟೈರ್ ಆಗ್ತೀರಿ, ನನ್ನ ಗತಿ ಏನು ಅಂದೆ. ಇನ್ನೂ ಏನೇನೋ ಅಂದೆ.

"ಖರೇ ಅದ ಟೀಚರ್" ಅಂದರು. "ಆದ್ರ ಹೆಸರು ಹಿಡಕೊಂಡು ಕೂತ್ರ ಸಾಲಿ ನಡಸಿದಂಗ ಆಗೂದಿಲ್ರಿ. ಆ ಹುಡುಗಿ ಕಲೀಲಾಕತ್ಯಾಳ. ಕಲಿಸೋರು ಬೇಕು ಅಷ್ಟೇ."

ಸೋಮವಾರ ಟೀಸಿ ಪುಸ್ತಕ ನನ್ನ ಮುಂದೆ ಇಟ್ಟರು. ಇಬ್ಬರಲ್ಲಿ ನನ್ನ ಅಕ್ಷರ ಚೆಂದ. ನಾನು ಬರೆಯಲ್ಲ ಅಂದೆ. ತಾವೇ ಬರೆದರು, ಸೀಲು ಹೊಡೆದರು, ಹಾಜರಿ ಪುಸ್ತಕದಲ್ಲಿ ಏಳು ಹೆಸರಿಗೆ ಕೆಂಪು ಮಸಿಯಲ್ಲಿ ಗೆರೆ ಎಳೆದರು. ಆಮೇಲೆ ಒಂದು ಬಿಳಿ ಹಾಳೆ ನನ್ನ ಕಡೆ ಸರಿಸಿದರು. "ಭಾಲ್ಕಿ ಕಡೀ ಒಂದು ಜಾಗಾ ಖಾಲಿ ಅದ ಅಂತ ಕೇಳೀನಿ. ವರ್ಗಾವಣೆಗೆ ಈಗ ಅರ್ಜಿ ಬರೀರಿ, ನಾ ಶಿಫಾರಸು ಮಾಡ್ತೇನಿ. ಆದೇಶ ಬಂದ ಮ್ಯಾಲ ಅಂದ್ರ ಹೆಚ್ಚುವರಿ ಅಂತ ಎಲ್ಲಿಗರ ಒಗೀತಾರ. ಇಲ್ಲಿ ಬೀಗ ಹಾಕೂದು ನಾ ನೋಡ್ಕೋತೇನಿ." ರೈಲಿನಲ್ಲಿ ನಾನು ಆಡಿದ ಮಾತು ನೆನೆಯುತ್ತ ತಲೆ ತಗ್ಗಿಸಿ ಅರ್ಜಿ ಬರೆದೆ. ಇವತ್ತಿಗೂ ಆ ಮಾತಿಗೆ ನನಗೆ ನಾಚಿಕೆ ಇದೆ.

ವಿಲೀನದ ಆದೇಶ ಬಂತು. ಉಳಿದ ನಾಲ್ಕು ಮಕ್ಕಳು ಪಕ್ಕದ ಊರಿಗೆ, ನಾನು ಭಾಲ್ಕಿಗೆ, ಅವರು ಬೀದರದ ಕಚೇರಿಯಲ್ಲಿ ಕಡತ ನೋಡುವ ಕೆಲಸಕ್ಕೆ. ಶಾಲೆಯ ಕೊನೆಯ ಶನಿವಾರ ಬೆಳಿಗ್ಗೆ ಮಾರುತಿಯ ಫೋನು ಬಂತು. ಏಳೂ ಮಕ್ಕಳನ್ನು ಸೇರಿಸಿಕೊಂಡರಂತೆ, ಅವತ್ತೇ ಮೊದಲ ದಿನವಂತೆ.

ಸರ್ ಫೋನು ಕೆಳಗಿಟ್ಟು ತರಗತಿಗೆ ಬಂದರು. ನಾಲ್ಕು ಮಕ್ಕಳು ಕೂತಿದ್ದವು, ನಾನು ಕಪಾಟು ಖಾಲಿ ಮಾಡುತ್ತಿದ್ದೆ. ಹಾಜರಿ ಪುಸ್ತಕ ತೆಗೆದು, ಹನ್ನೊಂದು ಹೆಸರನ್ನೂ ಓದತೊಡಗಿದರು. ಕೆಂಪು ಗೆರೆ ಎಳೆದ ಮೊದಲ ಹೆಸರು ಬಂತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಸರ್ ತಾವೇ, "ಹಾಜರ್" ಅಂದರು, ಮುಂದೆ ಓದಿದರು. ಎರಡನೆಯ ಕೆಂಪು ಹೆಸರಿಗೆ ಒಂದು ಮಗು ಕಿಸಕ್ಕನೆ ನಕ್ಕು "ಹಾಜರ್" ಅಂತು. ಮೂರನೆಯದಕ್ಕೆ ನಾಲ್ಕೂ ಕೂಡಿ ಅಂದವು. ಕೊನೆಯಲ್ಲಿ ಐದನೆಯ ಇಯತ್ತೆಯ ಸುರೇಖಾಳ ಹೆಸರು ಓದಿ ಸರ್ ತಲೆಯೆತ್ತಿ ನನ್ನ ಕಡೆ ನೋಡಿದರು.

"ಹಾಜರ್ ಸರ್" ಅಂದೆ ನಾನು.